ಅರಿಶಿನವೂ ನರಮಂಡಲವೂ

ಹೈದರಾಬಾದಿನ ತಾರ್ನಾಕಾದಿಂದ ಉಪ್ಪಲ್ ಕಡೆಗೆ ಸಾಗುವ ಹಾದಿಯಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಹೆಸರಾಂತ ಪ್ರಯೋಗಾಲಯಗಳಿವೆ. ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಅಣುಗಳ ಅಧ್ಯಯನ; ಕೋಶೀಯ ಮತ್ತು ಅಣುಜೀವ ವಿಜ್ಞಾನ ಕೇಂದ್ರದಲ್ಲಿ ಜೀವಕೋಶಗಳ ಅಧ್ಯಯನ. ಸಸ್ಯಜನ್ಯ ಸಂಯುಕ್ತವೊಂದು ಔಷಧವೆನಿಸಬೇಕಾದರೆ ಈ ಎರಡೂ ಬಗೆಯ ಪರೀಕ್ಷೆಗಳನ್ನು ದಾಟಿ ಕೊನೆಗೆ ರೋಗಿಯ ಬಳಿಗೆ ಬರಬೇಕು. ಆ ದಾರಿ ಎಷ್ಟು ದೀರ್ಘವೆಂಬುದಕ್ಕೆ ಅರಿಶಿನವೇ ನಿದರ್ಶನ.

ಗಾಯ ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಮೇಲ್ಕಂಡ ಮಂಡಳಿಯು 1996ರಲ್ಲಿ ಹಳೆಯ ಗ್ರಂಥಗಳ ಆಧಾರಗಳನ್ನಿಟ್ಟು ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆಲುವು ಹೆಮ್ಮೆಯದೇ. ಆದರೆ ಅಲ್ಲಿ ಸ್ಥಾಪಿತವಾದುದು ಆ ತಿಳಿವಳಿಕೆ ಹೊಸದಲ್ಲವೆಂಬುದು ಮಾತ್ರ. ಅರಿಶಿನವು ಸರ್ವರೋಗಕ್ಕೂ ಮದ್ದೆಂದಲ್ಲ. ಈ ಎರಡನ್ನು ಬೆರೆಸುವವರೇ ಹೆಚ್ಚು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಸಂಯುಕ್ತವು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಉರಿಯೂತದ ಸಂಕೇತಗಳನ್ನು ತಗ್ಗಿಸುತ್ತದೆ. ಮರೆವಿನ ರೋಗವಾದ ಆಲ್ಝೈಮರ್‌ನಲ್ಲಿ ಮಿದುಳಿನೊಳಗೆ ಗಂಟುಕಟ್ಟುವ ಪ್ರೋಟೀನಿನ ಶೇಖರಣೆಯನ್ನೂ ಅಲ್ಲಿ ತಡೆಯುತ್ತದೆ. ಇದನ್ನು 'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ' ಎಂದು ಹೇಳುವುದು ಸರಿಯಲ್ಲ. ಆ ಶಕ್ತಿ ಮಿತಿಮೀರಿದರೆ ಸ್ವಂತ ನರಗಳನ್ನೇ ಹಾನಿಗೊಳಿಸಬಲ್ಲದು. ಬೇಕಾದುದು ಹೆಚ್ಚಳವಲ್ಲ, ಹತೋಟಿ.

ತೊಡಕಿರುವುದು ಜೀರ್ಣಾಂಗದಲ್ಲಿ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದುದನ್ನು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಹೀರುವಿಕೆ ಸುಮಾರು ಇಪ್ಪತ್ತು ಪಟ್ಟು ಏರಿತು. ನಮ್ಮ ಸಾರಿನ ಪುಡಿಯಲ್ಲಿ ಇವೆರಡೂ ಕೂಡಿರುವುದು ಸ್ವಾರಸ್ಯಕರ. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಪ್ರಮಾಣ ಶೇಕಡಾ 3ರ ಆಸುಪಾಸು ಮಾತ್ರ. ಆಲ್ಝೈಮರ್ ರೋಗಿಗಳ ಮೇಲೆ ಅಮೆರಿಕದಲ್ಲಿ 24 ವಾರ ನಡೆದು 2012ರಲ್ಲಿ ಪ್ರಕಟವಾದ ಚಿಕ್ಕ ಪರೀಕ್ಷೆಯೊಂದರಲ್ಲಿ ಕರ್ಕ್ಯುಮಿನ್‌ನಿಂದ ಪ್ರಯೋಜನ ಕಂಡುಬರಲಿಲ್ಲ.

ನಿಸರ್ಗದತ್ತವೆಂದ ಮಾತ್ರಕ್ಕೆ ನಿರಪಾಯವೆಂದೂ ಅಲ್ಲ. ಕೇಸರಿ ಬೇಳೆಯನ್ನೇ ಮುಖ್ಯ ಆಹಾರವಾಗಿ ತಿಂಗಳುಗಟ್ಟಲೆ ತಿಂದವರ ಕಾಲುಗಳು ಸೆಟೆದು ಸ್ವಾಧೀನ ತಪ್ಪುತ್ತಿದ್ದವು. ಅದಕ್ಕೆ ಕಾರಣವೆಂದು ಪರಿಗಣಿಸಲಾದ ನರವಿಷವನ್ನು 1964ರಲ್ಲಿ ಬೇರ್ಪಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. ಅದೂ ನಿಸರ್ಗದ ಸಂಯುಕ್ತವೇ.

ಮರೆವು ಆವರಿಸಿದ ತಂದೆತಾಯಿಯರಿಗೆಂದು ಕರ್ಕ್ಯುಮಿನ್ ಗುಳಿಗೆ ಕೊಳ್ಳುವ ಮಕ್ಕಳು ಅದನ್ನು ವೈದ್ಯರಿಗೆ ತಿಳಿಸಬೇಕು. ಅಡುಗೆಯ ಚಿಟಿಕೆ ಅರಿಶಿನದ ಮಾತು ಬೇರೆ. ಹೆಚ್ಚು ಹೀರಲ್ಪಡುವಂತೆ ತಯಾರಿಸಿದ ಗುಳಿಗೆಗಳಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಪೈಪರಿನ್ ಅಂತೂ ಮೂರ್ಛೆರೋಗದ ಫೆನಿಟಾಯಿನ್‌ನಂತಹ ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಿಸಿ ಅದರ ಬದಲಿಗೆ ಈ ಗುಳಿಗೆಯನ್ನು ಕೊಡುವುದಂತೂ ಸಲ್ಲದು.