ಒಡೆದ ಗಾಜು

ಭಟ್ಕಳದಿಂದ ಕುಮಟೆಗೆ ಹೊರಟಿದ್ದ ನಮ್ಮ ಪುಟ್ಟ ಮಾರುತಿ ಕಾರಿನ ಹಿಂದಣ ಪಕ್ಕದ ಗಾಜು ಹೊನ್ನಾವರದ ಬಳಿ ಕಲ್ಲು ಸಿಡಿದು ಒಡೆಯಿತು. ಮೊಮ್ಮಗಳ ಮಡಿಲ ತುಂಬ ಹರಳುಗಳು. ಮೈಮೇಲೆ ಒಂದು ಗೀರೂ ಇಲ್ಲ. ಕಾಯಿಸಿ, ಥಟ್ಟನೆ ಗಾಳಿಯೂದಿ ತಣಿಸಿದ ಗಾಜು ಒಡೆದರೆ ಚೂರಿಯಾಗದೆ ಹರಳಾಗುತ್ತದೆ. ಹಾಗೆ ಹದಗೊಂಡ ಮೇಲೆ ಅದನ್ನು ಅಳತೆಗೆ ಕೊಯ್ಯಲಾಗದು.

ಕುಮಟೆಯಲ್ಲಿ ಕಿಟಕಿಯ ಗಾಜು ಕೊಯ್ಯುವವರೊಬ್ಬರನ್ನು ಕೇಳಿದೆ. “ಸಾದಾ ಗಾಜು ಕೂರಿಸಬಹುದು, ರಾಯರೇ. ಆದರೆ ಮಗು ಕೂರುವ ಜಾಗ, ನನ್ನಿಂದಾಗದು” ಎಂದರು. ಮಂಗಳೂರಿನಿಂದ ತಕ್ಕ ಗಾಜು ಬರುವವರೆಗೆ ಎಂಟು ದಿನ ಪ್ಲಾಸ್ಟಿಕ್ ಹಾಳೆಯೇ ಮಳೆಯನ್ನು ತಡೆಯಿತು. ಬಾಗಿಲೊಳಗೆ ಉದುರಿದ್ದ ಹರಳುಗಳನ್ನೆಲ್ಲ ಹೆಕ್ಕಿದ ಮೇಲೆಯೇ ಹೊಸತನ್ನು ಕೂರಿಸಿದರು. ಕೈಗೆ ಬಂದ ಸಂಪಾದನೆಯನ್ನು ಬಿಟ್ಟುಕೊಟ್ಟ ಆ ನಿರಾಕರಣೆಗೆ ನಾನಿಂದಿಗೂ ಋಣಿ.