ಮೆಚ್ಚು ಕೊಡುವ ಬಗೆ

ಹಬ್ಬ ಹತ್ತಿರ ಬಂದಾಗ, ಇಲ್ಲವೆ ವರ್ಷದ ಲೆಕ್ಕ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದಾಗ, ಅಂಗಡಿಯ ಯಜಮಾನರಿಗೂ ಹೋಟೆಲಿನ ಮಾಲೀಕರಿಗೂ ಕಚೇರಿಯ ಮೇಲಧಿಕಾರಿಗಳಿಗೂ ಒಂದು ಯೋಚನೆ ಹುಟ್ಟುವುದುಂಟು: ನಮ್ಮ ಕೆಲಸಗಾರರಿಗೆ ಸಂಬಳದ ಮೇಲೆ ಏನಾದರೂ ಕೊಡಬೇಕು. ಕೊಟ್ಟರೆ ಅವರಿಗೆ ಉತ್ಸಾಹ ಬಂದೀತು. ಅವರಿಗೆ ಉತ್ಸಾಹ ಬಂದರೆ ಗಿರಾಕಿಗಳನ್ನು ನಗುಮುಖದಿಂದ ಮಾತನಾಡಿಸಿಯಾರು. ಯೋಚನೆ ಒಳ್ಳೆಯದೇ. ಆದರೆ ಬಹುಮಟ್ಟಿಗೆ ಅದು ಏನು ಕೊಡುವುದು ಎಂಬಲ್ಲಿಗೇ ನಿಂತುಬಿಡುತ್ತದೆ. ಸಿಹಿತಿಂಡಿಯ ಡಬ್ಬಿಯೋ, ಕೊಡೆಯೋ, ಗೋಡೆಗಡಿಯಾರವೋ, ನೋಟಿಟ್ಟ ಲಕೋಟೆಯೋ ಎಂದು ತೂಗಿನೋಡುತ್ತಾರೆಯೇ ಹೊರತು, ಯಾವುದನ್ನು ಮೆಚ್ಚಿ ಕೊಡುತ್ತಿದ್ದೇವೆ ಎಂದು ತಮ್ಮನ್ನು ತಾವು ಕೇಳಿಕೊಳ್ಳುವವರು ಕಡಿಮೆ. ಕೊಡಿಸಿಕೊಳ್ಳುವವನನ್ನು ಕೇಳುವವರು ಇನ್ನೂ ಕಡಿಮೆ.

ಇನಾಮು, ಭಕ್ಷೀಸು, ಬೋನಸ್ಸು ಎಂಬ ಮಾತುಗಳು ನಮ್ಮಲ್ಲಿಗೆ ಬರುವ ಮುಂಚೆ ಕನ್ನಡದಲ್ಲಿ ಇದಕ್ಕೆ ಒಂದು ಸೊಗಸಾದ ಮಾತಿತ್ತು: ಮೆಚ್ಚು. ಮನಸ್ಸಿನ ಮೆಚ್ಚಿಕೆಯೂ ಮೆಚ್ಚೇ, ಮೆಚ್ಚಿ ಕೊಟ್ಟ ಕೊಡುಗೆಯೂ ಮೆಚ್ಚೇ. ಮೆಚ್ಚಿಕೆಯಿಲ್ಲದೆ ಕೊಟ್ಟದ್ದಕ್ಕೆ ಆ ಹೆಸರು ಸಲ್ಲುತ್ತಿರಲಿಲ್ಲ.

ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ ಒಂದು ಶಾಸನದ ಕಲ್ಲು ಇದೆ. ಕಾಲ ಸುಮಾರು ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷ ವಹಿಸಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಅದು ಹೇಳುತ್ತದೆ. ಆ ಕಾಳಗದಲ್ಲಿ ಮಣಲೆರನೆಂಬ ಸೇವಕ ಮುನ್ನುಗ್ಗಿ ಹೋರಾಡಿದ. ಒಡೆಯ ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದ. ಮಣಲೆರ ಬೇಡಿದ್ದು ಏನು? ಕಾಳಿಯೆಂಬ ಹೆಸರಿನ ಬೇಟೆನಾಯಿಯನ್ನು! ಭೂಮಿಯ ಕೊಡುಗೆಯ ಮಾತೂ ಆ ಶಾಸನದಲ್ಲಿ ಉಂಟು. ಆದರೆ ಬಾಯಿಬಿಟ್ಟು ಬೇಡಿದ್ದು ನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಯಾವ ಮಂತ್ರಿ ಎಷ್ಟು ಹೊತ್ತು ಕುಳಿತು ಯೋಚಿಸಿದ್ದರೂ, ಈ ವೀರನಿಗೆ ಒಂದು ನಾಯಿ ಕೊಡೋಣ ಎಂಬ ತೀರ್ಮಾನಕ್ಕೆ ಬರುತ್ತಿದ್ದನೆ? ಬೇಡಿಕೋ ಎಂದದ್ದರಿಂದ ತಿಳಿಯಿತು.

ಇದಕ್ಕಿಂತ ಬೇರೆ ಬಗೆಯ ಕೊಡುಗೆಯೊಂದೂ ನಮ್ಮ ಸೀಮೆಯಲ್ಲಿತ್ತು. ಕೆರೆ ಕಟ್ಟಿಸಿದವನಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿದವನಿಗೆ, ಆ ಕೆರೆಯ ಕೆಳಗೇ ಗದ್ದೆಯನ್ನು ಕಟ್ಟುಕೊಡಗೆಯಾಗಿ ಬಿಡುತ್ತಿದ್ದರು. ಕೆರೆಯನ್ನು ಚೆನ್ನಾಗಿ ನೋಡಿಕೊಂಡಿರಬೇಕೆಂಬುದು ಕರಾರು. ಏರಿ ಬಿರುಕುಬಿಟ್ಟರೆ ಊರಿನ ಗದ್ದೆಯ ಜೊತೆಗೆ ಅವನ ಗದ್ದೆಯೂ ಒಣಗುತ್ತದೆ. ಊರಿನ ಲಾಭವೂ ಅವನ ಲಾಭವೂ ಒಂದೇ ತೂಬಿನ ನೀರು. ಇಂದಿನ ವ್ಯಾಪಾರದ ಕೊಡುಗೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ತೋರುವುದಿಲ್ಲ.

ಒಂದು ಜವಳಿ ಅಂಗಡಿಯನ್ನು ಭಾವಿಸಿಕೊಳ್ಳಿ. ಎಂಟು ಜನ ಕೆಲಸಗಾರರು. ಮಾರಿದ ಪ್ರತಿ ಸೀರೆಗೆ ಇಷ್ಟು ಎಂದು ಯಜಮಾನರು ಕಮಿಷನ್ ಗೊತ್ತುಮಾಡಿದ್ದಾರೆ. ಮಗಳ ಮದುವೆಗೆಂದು ಹಳ್ಳಿಯಿಂದ ಬಂದ ತಾಯಿಯೊಬ್ಬಳು ಒಂದು ಸೀರೆಯನ್ನು ಮೆಚ್ಚಿ ಕೈಯಲ್ಲಿ ಹಿಡಿದಿದ್ದಾಳೆ. ಅದರ ಬಣ್ಣ ನಿಲ್ಲುವುದಿಲ್ಲವೆಂದು ಕೆಲಸಗಾರನಿಗೆ ಗೊತ್ತು. "ಬೇಡಮ್ಮ, ಇದು ಎರಡು ಒಗೆತಕ್ಕೆ ಬಣ್ಣ ಬಿಡುತ್ತೆ, ಬೇರೆ ತೋರಿಸ್ತೀನಿ ಕೂತ್ಕೊಳ್ಳಿ" ಎಂದು ಹೇಳಿದರೆ ಆಕೆ ಬೇರೆಯದನ್ನು ಕೊಂಡಾಳು. ಕೊಳ್ಳದೆ ಎದ್ದೂ ಹೋದಾಳು. ಹೋದರೆ ಅವನ ಕಮಿಷನ್ ಹೋಯಿತು. ಪಕ್ಕದಲ್ಲಿ ನಿಂತವನು ಬಾಯಿಮುಚ್ಚಿಕೊಂಡು ಅಂಥ ಹತ್ತು ಸೀರೆ ಮಾರಿ ತಿಂಗಳ ಕೊನೆಗೆ ಬಹುಮಾನ ಪಡೆಯುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಸದ್ದಿನಲ್ಲಿ ನಿಜ ಹೇಳಿದವನು ಕಲಿಯುವ ಪಾಠ ಯಾವುದು? ಅಂಗಡಿಯ ಹೆಸರನ್ನು ಉಳಿಸಿದವನು ಅವನು. ಆದರೆ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಒಂದು ಸಾಲೂ ಇಲ್ಲ. ಎರಡು ವರ್ಷ ಹೀಗೆ ಕಳೆದರೆ ಅವನು ಬಾಯಿಮುಚ್ಚುವುದನ್ನು ಕಲಿತಿರುತ್ತಾನೆ, ಇಲ್ಲವೆ ಬೇರೆ ಅಂಗಡಿ ಸೇರಿರುತ್ತಾನೆ. ಗಿರಾಕಿಗಳೂ ಅಷ್ಟೆ.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಎಂಬ ದೊಡ್ಡ ಬ್ಯಾಂಕಿನಲ್ಲಿ ಒಬ್ಬೊಬ್ಬ ಗಿರಾಕಿಯೂ ಬ್ಯಾಂಕಿನಲ್ಲಿ ಎಂಟೆಂಟು ಬಗೆಯ ಖಾತೆ, ಕಾರ್ಡು, ಸಾಲಗಳನ್ನು ಇಟ್ಟುಕೊಂಡಿರಬೇಕೆಂಬ ಗುರಿಯನ್ನು ಹಾಕಿಕೊಂಡಿದ್ದರು. ಗುರಿ ಮುಟ್ಟಿದ ನೌಕರರಿಗೆ ಹೆಚ್ಚಿನ ಹಣ, ಮುಟ್ಟದವರಿಗೆ ಕಿರುಕುಳ. ನೌಕರರು ಏನು ಮಾಡಿದರು? ಗಿರಾಕಿಗಳಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರಿನಲ್ಲಿ ಸಂಗತಿ ಹೊರಬಿದ್ದು ಬ್ಯಾಂಕಿಗೆ 18 ಕೋಟಿ 50 ಲಕ್ಷ ಡಾಲರು ದಂಡ ಬಿತ್ತು. ಅದಕ್ಕೆ ಹಿಂದಿನ ಕೆಲವು ವರ್ಷಗಳಲ್ಲಿ ಇದೇ ಕಾರಣಕ್ಕೆ ಸುಮಾರು 5,300 ನೌಕರರನ್ನು ಕೆಲಸದಿಂದ ತೆಗೆದಿದ್ದರು. ಇಷ್ಟು ಜನರೂ ಹುಟ್ಟುಗಳ್ಳರೆಂದು ನಾನು ನಂಬಲಾರೆ. ಎಣಿಸಬಾರದ್ದನ್ನು ಎಣಿಸಿ ಅದಕ್ಕೆ ಕಾಸು ಕಟ್ಟಿದ್ದರಿಂದ ಬಂದ ಅನಾಹುತ ಇದು.

ಅದರ ಪಕ್ಕದಲ್ಲಿ ನಮ್ಮದೇ ರಾಜ್ಯದ ರಸ್ತೆ ಸಾರಿಗೆ ನಿಗಮದ ಪದಕವನ್ನು ಇಟ್ಟು ನೋಡಿ. ಐದು ವರ್ಷ ಅಪಘಾತವಿಲ್ಲದೆ ಬಸ್ಸು ನಡೆಸಿದ ಚಾಲಕನಿಗೆ ಬೆಳ್ಳಿಯ ಪದಕ, ಹದಿನೈದು ವರ್ಷ ನಡೆಸಿದವನಿಗೆ ಚಿನ್ನದ ಪದಕ. ಇಲ್ಲಿ ಎಣಿಸಿದ್ದು ಏನು? ಪ್ರಯಾಣಿಕನಿಗೆ ಬೇಕಾದುದನ್ನೇ. ಬೆಳಗಾವಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕಣ್ಣುಮುಚ್ಚಿ ಮಲಗುವವನಿಗೆ ಚಾಲಕನಿಂದ ಬೇಕಾದುದು ಬೆಳಗ್ಗೆ ಕ್ಷೇಮವಾಗಿ ಇಳಿಯುವುದಲ್ಲದೆ ಮತ್ತೇನು? ಕಟ್ಟುಕೊಡಗೆಯ ಹಾಗೆ, ಕೊಡುಗೆಯ ದಾರಿಯೂ ಸೇವೆಯ ದಾರಿಯೂ ಒಂದೇ ಆಗಿದೆ. ಒಂದು ವೇಳೆ ಡೀಸೆಲು ಉಳಿಸಿದ್ದಕ್ಕೆ ಮಾತ್ರ, ಅಥವಾ ಹೊತ್ತಿಗೆ ಮುಂಚೆ ತಲುಪಿಸಿದ್ದಕ್ಕೆ ಮಾತ್ರ ಪದಕವೆಂದು ಇಟ್ಟಿದ್ದರೆ, ನಿಲ್ದಾಣದಲ್ಲಿ ಮಗು ಎತ್ತಿಕೊಂಡು ಓಡಿಬರುವ ಹೆಂಗಸಿಗಾಗಿ ಬಸ್ಸು ನಿಲ್ಲುತ್ತಿತ್ತೆ ಎಂದು ಯೋಚಿಸಬೇಕು.

ಇನ್ನು ದುಡ್ಡಿನ ವಿಚಾರ. ದುಡ್ಡೇ ಕೊಟ್ಟುಬಿಡಿ, ಅವರಿಗೆ ಬೇಕಾದ್ದನ್ನು ಅವರೇ ಕೊಂಡುಕೊಳ್ಳುತ್ತಾರೆ ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯವುಂಟು. ಆದರೆ ದುಡ್ಡಿಗೆ ಒಂದು ಗುಣವಿದೆ: ಮೂರು ವರ್ಷ ಸತತವಾಗಿ ಕೊಟ್ಟರೆ ಅದು ಕೊಡುಗೆಯಾಗಿ ಉಳಿಯುವುದಿಲ್ಲ, ಸಂಬಳವಾಗುತ್ತದೆ. ಮುಂಬಯಿಯ ಬಟ್ಟೆ ಗಿರಣಿಗಳವರು 1917ರಲ್ಲಿ, ಯುದ್ಧದಿಂದ ಬೆಲೆಗಳು ಏರಿದಾಗ, ಕೂಲಿಯ ಮೇಲೆ ನೂರಕ್ಕೆ ಹತ್ತರಂತೆ ಬೋನಸ್ಸು ಕೊಟ್ಟರು. ಮರುವರ್ಷ ಅದು ಹದಿನೈದಾಯಿತು. ಆಮೇಲೆಯೂ ಕೆಲವು ವರ್ಷ ವರ್ಷಕ್ಕೊಮ್ಮೆ ಬೋನಸ್ಸು ನಡೆದುಬಂತು. ವ್ಯಾಪಾರ ಇಳಿದಾಗ ನಿಲ್ಲಿಸಿದರು. 1924ರ ಮೊದಲಲ್ಲಿ ಸುಮಾರು ಒಂದೂವರೆ ಲಕ್ಷ ಕೂಲಿಗಾರರು ಮುಷ್ಕರ ಹೂಡಿದರು. ಬೋನಸ್ಸಿನ ಮೇಲೆ ಕಾನೂನಿನ ಹಕ್ಕು ಇಲ್ಲವೆಂದು ವಿಚಾರಣಾ ಸಮಿತಿ ಹೇಳಿತು. ಆದರೆ ಹೊಟ್ಟೆಗೆ ಅಭ್ಯಾಸವಾದದ್ದನ್ನು ಸಮಿತಿ ತೆಗೆಯಲಾರದು. ಕೊನೆಗೆ 1965ರಲ್ಲಿ ದೇಶಕ್ಕೆಲ್ಲ ಬೋನಸ್ಸಿನ ಶಾಸನವೇ ಬಂತು. ಮುಂದೆ ಕನಿಷ್ಠ ಪ್ರಮಾಣವು ಶೇಕಡಾ 8.33, ಅಂದರೆ ವರ್ಷದ ಗಳಿಕೆಯ ಹನ್ನೆರಡನೆಯ ಒಂದು ಪಾಲು ಎಂದು ನಿಂತಿತು. ನ್ಯಾಯವಾಗಿಯೇ ಆಯಿತು. ಆದ್ದರಿಂದ ದೀಪಾವಳಿಯ ಬೋನಸ್ಸನ್ನು ಕೊಟ್ಟು, ನಾನು ಮೆಚ್ಚು ಕೊಟ್ಟೆನೆಂದು ಯಾವ ಯಜಮಾನರೂ ಹಿಗ್ಗಬೇಕಾದುದಿಲ್ಲ. ಅದು ಅವರ ಬಾಕಿ. ಸಂಬಳ ಸಾಲದವನಿಗೆ ಪ್ರಶಸ್ತಿಪತ್ರ ಕೊಡುವುದಂತೂ ಹಸಿದವನಿಗೆ ತಾಂಬೂಲ ಕೊಟ್ಟ ಹಾಗೆ.

ಹರ್ಟ್ಸ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಒಂದು ಪುಸ್ತಕ ಬರೆದರು. ಕೆಲಸದಲ್ಲಿ ಬೇಸರ ಹುಟ್ಟಿಸಿದ ಸಂಗತಿಗಳನ್ನು ಕೇಳಿದಾಗ ಸಂಸ್ಥೆಯ ಕಟ್ಟಳೆ, ಮೇಲಿನವರ ನಡತೆ, ಸಂಬಳ ಇಂಥವು ಬಂದವು. ಸಂತೋಷ ಕೊಟ್ಟವು ಯಾವುವೆಂದರೆ, ಕೈಹಿಡಿದ ಕೆಲಸ ಸಾಧಿಸಿದ್ದು ಮತ್ತು ಅದನ್ನು ಇನ್ನೊಬ್ಬರು ಗುರುತಿಸಿದ್ದು ಎಂದರಂತೆ. ಮುನಿಸು ಹೋಗಲು ಸಂಬಳ ಬೇಕು. ಹುರುಪು ಬರಲು ಅದೊಂದೇ ಸಾಲದು. ಈ ಎಣಿಕೆಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಮ್ಮ ಅನುಭವಕ್ಕೆ ಅದು ಬಹಳ ದೂರವಾಗಿ ಕಾಣುವುದಿಲ್ಲ.

ಗುರುತಿಸುವುದರಲ್ಲಿಯೂ ಹದ ಉಂಟು. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಶಿಶುವಿಹಾರವೊಂದರಲ್ಲಿ ಒಂದು ಪರೀಕ್ಷೆ ನಡೆಸಿದರು. ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನು ಆರಿಸಿ, ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ನಕ್ಷತ್ರ ಅಂಟಿಸಿದ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬರೆದ ಮೇಲೆ ಅದೇ ಪತ್ರವನ್ನು ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ನೋಡಿದರೆ, ಮೊದಲೇ ಆಸೆ ತೋರಿಸಿದ ಮಕ್ಕಳು ಚಿತ್ರ ಬರೆಯಲು ಕಳೆಯುತ್ತಿದ್ದ ಹೊತ್ತು ಉಳಿದವರದಕ್ಕಿಂತ ಅರ್ಧದಷ್ಟಾಗಿತ್ತು. ಹೇಳದೆ ಕೊಟ್ಟ ಮಕ್ಕಳಿಗೆ ಏನೂ ಕುಂದು ಬಂದಿರಲಿಲ್ಲ. ಅಂಗಡಿಯೇನೂ ಶಿಶುವಿಹಾರವಲ್ಲ, ನಿಜ. ಆದರೂ ಗಿರಾಕಿಯನ್ನು ಕಂಡು ತಾನಾಗಿ ನಗುವವನಿಗೆ, ನಕ್ಕರೆ ಹತ್ತು ರೂಪಾಯಿ ಎಂದು ಬೋರ್ಡು ಬರೆದು ಹಾಕಿದರೆ ಆ ನಗೆ ಏನಾದೀತೆಂದು ಊಹಿಸಬಹುದು.

ತಿಂಗಳ ಉತ್ತಮ ನೌಕರನೆಂದು ಗೋಡೆಗೆ ಭಾವಚಿತ್ರ ತೂಗುಹಾಕುವ ಪದ್ಧತಿ ಈಗ ಎಲ್ಲೆಲ್ಲೂ ಇದೆ. ಮೊದಲ ಎರಡು ತಿಂಗಳು ಅದಕ್ಕೆ ಬೆಲೆ ಇರುತ್ತದೆ. ಆಮೇಲೆ ಜಗಳ ಬೇಡವೆಂದು ಸರದಿಯ ಪ್ರಕಾರ ಒಬ್ಬೊಬ್ಬರ ಚಿತ್ರ ಬರತೊಡಗುತ್ತದೆ. ಸರದಿ ಎಂದು ಗೊತ್ತಾದ ಮೇಲೆ ಯಾರೂ ಗೋಡೆಯನ್ನು ನೋಡುವುದಿಲ್ಲ. ಇನ್ನು ಮೂವತ್ತು ವರ್ಷ ದುಡಿದವನಿಗೆ ನಿವೃತ್ತಿಯ ದಿನ ಕೈಗಡಿಯಾರ ಕೊಡುವುದು. ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಅಂಥ ಒಂದು ಎಚ್.ಎಂ.ಟಿ. ಇನ್ನೂ ಇದ್ದೀತು. ಗಂಟೆ ನೋಡಿಕೊಂಡು ಓಡಬೇಕಾದ ಕಾಲವೆಲ್ಲ ಮುಗಿದ ದಿನ ಗಡಿಯಾರ ಕೊಡುವ ಈ ಯೋಚನೆ ಯಾರಿಗೆ ಹೊಳೆಯಿತೋ!

ಹಾಗಾದರೆ ಏನು ಕೊಡುವುದು? ಕೇಳಿ ಕೊಡುವುದು. ಎಂಟು ಜನರಿರುವ ಅಂಗಡಿಯಲ್ಲಿ ಇದೇನೂ ಕಷ್ಟವಲ್ಲ. "ಸ್ವಾಮಿ, ನನಗೆ ಕೊಡೆ ಬೇಡ, ಊರ ಜಾತ್ರೆಗೆ ಎರಡು ದಿನ ರಜಾ ಕೊಡಿ" ಎನ್ನುವವನಿದ್ದಾನೆ. ಕರಾವಳಿಯಿಂದ ಬಂದು ಬೆಂಗಳೂರಿನ ಹೋಟೆಲಿನಲ್ಲಿಯೇ ಉಂಡು ಮಲಗುವ ಹುಡುಗನಿಗೆ, ಊರಿಗೆ ಹೋಗಿಬರಲು ಮೊದಲೇ ಕಾದಿರಿಸಿದ ಒಂದು ಟಿಕೆಟ್ಟು ಬೆಳ್ಳಿಯ ಲೋಟಕ್ಕಿಂತ ಹೆಚ್ಚು. ಶಾಲೆ ತೆರೆಯುವ ಹೊತ್ತಿನಲ್ಲಿ ಮಕ್ಕಳ ಪುಸ್ತಕದ ಖರ್ಚು, ಮಗುವಿನ ಶಾಲೆಯ ವಾರ್ಷಿಕೋತ್ಸವದ ಸಂಜೆ ಬೇಗ ಬಿಡುಗಡೆ, ದಿನವೆಲ್ಲ ನಿಂತೇ ಇರುವ ಮಾರಾಟದ ಹೆಣ್ಣುಮಕ್ಕಳಿಗೆ ಕೂರಲು ಒಂದು ಸ್ಟೂಲು. ಈ ಕಡೆಯದನ್ನು ಕೊಡುಗೆಯೆಂದು ಕರೆಯಲು ನನಗೆ ಸಂಕೋಚ, ಅದು ಇರಲೇಬೇಕಾದುದು. ಆದರೆ ಕೇಳಿದಾಗ ಮೊದಲು ಬರುವ ಉತ್ತರ ಅದೇ ಆಗಿದ್ದರೆ, ಪದಕದ ಮಾತನ್ನು ಆಮೇಲೆ ಎತ್ತಬೇಕು.

ಕೊಡುವಾಗ ಯಾವುದಕ್ಕೆ ಕೊಟ್ಟದ್ದೆಂದು ನಾಲ್ಕು ಜನರ ಎದುರಿಗೆ ಬಿಡಿಸಿ ಹೇಳಬೇಕು. "ಇವನು ಒಳ್ಳೆಯ ಕೆಲಸಗಾರ" ಎಂದರೆ ಏನೂ ಹೇಳಿದಂತಾಗಲಿಲ್ಲ. "ಕಳೆದ ಮಂಗಳವಾರ ಮುದುಕರೊಬ್ಬರು ಕೌಂಟರಿನಲ್ಲಿ ಕನ್ನಡಕ ಮರೆತು ಹೋಗಿದ್ದರು, ಇವನು ಮಧ್ಯಾಹ್ನದ ಊಟ ಬಿಟ್ಟು ಅವರ ಮನೆಗೆ ಹೋಗಿ ಮುಟ್ಟಿಸಿ ಬಂದ" ಎಂದರೆ, ಕೇಳಿದ ಏಳು ಜನಕ್ಕೂ ಈ ಅಂಗಡಿಯಲ್ಲಿ ಮೆಚ್ಚುವುದು ಯಾವುದನ್ನು ಎಂಬುದು ತಿಳಿಯುತ್ತದೆ. ಜವಳಿ ಅಂಗಡಿಯಲ್ಲಿ ಸೀರೆ ಮಾರದೆ ನಿಜ ಹೇಳಿದವನ ಹೆಸರು ಬರಬೇಕಾದದ್ದು ಇಲ್ಲಿ. ದೂರಿನ ಪುಸ್ತಕವನ್ನು ದಾರಕಟ್ಟಿ ತೂಗುಹಾಕುವ ನಾವು, ಗಿರಾಕಿ ಹೊಗಳಿ ಬರೆದ ಕಾಗದವನ್ನು ಮೇಜಿನ ಖಾನೆಯೊಳಗೆ ಹಾಕಿಬಿಡುತ್ತೇವೆ. ಅದನ್ನು ಓದಿ ಹೇಳಲು ಒಂದು ಕಾಸೂ ಖರ್ಚಿಲ್ಲ.

ಗಿರಾಕಿಯ ಕಣ್ಣಿಗೆ ಬೀಳದವರ ಮಾತೊಂದು ಉಳಿಯಿತು. ದೋಸೆ ಬಿಸಿಯಾಗಿ ಬಂತೆಂದು ಭಕ್ಷೀಸು ಸಿಗುವುದು ತಂದಿಟ್ಟವನಿಗೆ. ಹುಯ್ದವನು ಒಲೆಯ ಮುಂದೆ ಇರುತ್ತಾನೆ, ತಟ್ಟೆ ತೊಳೆದವನು ಇನ್ನೂ ಹಿಂದೆ. ಭಕ್ಷೀಸನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಸಿ ವಾರಕ್ಕೊಮ್ಮೆ ಹಂಚುವ ಪದ್ಧತಿ ಕೆಲವು ಹೋಟೆಲುಗಳಲ್ಲಿ ಉಂಟು. ಅದು ಒಳ್ಳೆಯ ಪದ್ಧತಿ, ಒಂದು ಕರಾರಿನ ಮೇಲೆ: ಒಳಗಿನವರ ಪಾಲು ಎಷ್ಟು, ಹೊರಗಿನವರ ಪಾಲು ಎಷ್ಟು ಎಂಬುದನ್ನು ಅವರವರೇ ಕುಳಿತು ಮೊದಲೇ ಗೊತ್ತುಮಾಡಿಕೊಂಡು, ಅಡಿಗೆಮನೆಯ ಗೋಡೆಯ ಮೇಲೆ ಬರೆದು ಹಾಕಿರಬೇಕು, ಮತ್ತು ಡಬ್ಬಿಯ ಬೀಗದ ಕೈ ಗಲ್ಲಾಪೆಟ್ಟಿಗೆಯವರ ಹತ್ತಿರ ಇರಬಾರದು.