ಯಾವ ಔಷಧಿ ಹೊಡೆದಿರಿ?



ಚೆಂಡುಹೂವಿನ ಕಾಲ. ಒಂದು ಸಂಜೆ ಗುಂಡ್ಲುಪೇಟೆ ಸೀಮೆಯ ಹಂಗಳದ ಕಡೆಯಿಂದ ಒಬ್ಬ ರೈತನನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ನನ್ನ ಹತ್ತಿರ ಕರೆತಂದರು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಎರಡು ಸಲ ವಾಂತಿ. ಟಾರ್ಚ್ ಹಿಡಿದು ನೋಡಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿತ್ತು. ವಿಷ ಏನಾದರೂ ಕುಡಿದೆಯಾ ಎಂದು ಕೇಳಿದೆ. ಅವನಿಗೆ ಬೇಜಾರಾಯಿತು. "ವಿಷ ಯಾಕ್ ಕುಡೀಲಿ ಡಾಕ್ಟ್ರೇ, ಬೆಳಿಗ್ಗೆಯಿಂದ ಹೂವಿಗೆ ಔಸ್ದಿ ಹೊಡೀತಿದ್ದೆ ಅಷ್ಟೆ" ಅಂದ. ಅಂಗಿ ಬಿಚ್ಚಿಸಿದಾಗ ಬೆನ್ನು ಪೂರ್ತಿ ಒದ್ದೆ. ಸ್ಪ್ರೇ ಟ್ಯಾಂಕಿನ ಮುಚ್ಚಳ ಸಡಿಲವಾಗಿ, ಆರು ಗಂಟೆ ಕಾಲ ಅದು ಬೆನ್ನ ಮೇಲೆ ಸೋರಿತ್ತು. ಸೋಪು ಹಚ್ಚಿ ಮೈ ತೊಳೆಸಿ, ಅಟ್ರೋಪಿನ್ ಕೊಟ್ಟೆವು. ಬದುಕಿದ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನಿಗಿಂತ ಮೊದಲು ತಲೆನೋವು, ಸುಸ್ತು, ಕೈನಡುಕ, ಕಣ್ಣು ಮಂಜು ಅಂತ ಎಷ್ಟು ಜನ ಬಂದು ಹೋಗಿದ್ದರು! ಒಂದು ಮಾತ್ರೆ ಬರೆದು ಕಳಿಸಿದ್ದೆ. ಏನು ಕೆಲಸ ಮಾಡಿಕೊಂಡು ಬಂದೆ ಎಂದು ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ.

ನಾವು ಕೀಟನಾಶಕವನ್ನು ಔಷಧಿ ಅನ್ನುತ್ತೇವೆ. ಅಂಗಡಿಯವರೂ ಹಾಗೇ ಅನ್ನುತ್ತಾರೆ. ಔಷಧಿ ಅಂದಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಹೆಂಗಸರು ಬಕೆಟ್ಟಿಗೆ ಸುರಿದು ಕಡ್ಡಿಯಲ್ಲಿ ಕಲಕುತ್ತಾರೆ, ಕಡ್ಡಿ ಸಿಗದಿದ್ದರೆ ಕೈಯಲ್ಲೇ. ಸಿಂಪಡಿಸಿದ ಮಾರನೇ ದಿನ ಅದೇ ಸಾಲಿನಲ್ಲಿ ಹೂ ಕೊಯ್ಯುತ್ತಾರೆ. ಆರ್ಗ್ಯಾನೋಫಾಸ್ಫೇಟ್ ಜಾತಿಯ ಕೀಟನಾಶಕ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ನರದಿಂದ ನರಕ್ಕೆ ಸುದ್ದಿ ಒಯ್ಯುವ ರಾಸಾಯನಿಕವನ್ನು ಕೆಲಸ ಮುಗಿದ ಕೂಡಲೇ ಒಡೆದುಹಾಕಲು ದೇಹದಲ್ಲಿ ಒಂದು ಕಿಣ್ವವಿದೆ, ಕೋಲಿನೆಸ್ಟರೇಸ್. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹುಳು ಸಾಯುವುದೂ ಹೀಗೆಯೇ, ಮನುಷ್ಯ ಸಾಯುವುದೂ ಹೀಗೆಯೇ.

ನಮ್ಮ ಚಾಮರಾಜನಗರ ಜಿಲ್ಲೆಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದು 17 ಜನ ಸತ್ತರು. ಪ್ರಸಾದದಲ್ಲಿದ್ದದ್ದು ಇದೇ ಜಾತಿಯ ಕೀಟನಾಶಕ, ಮೊನೊಕ್ರೋಟೋಫಾಸ್. ಅದು ಬೇಕೆಂದೇ ಬೆರೆಸಿದ ವಿಷ, ಆ ಮಾತು ಬೇರೆ. ಆದರೆ 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡದ್ದೂ ಇದೇ ಮೊನೊಕ್ರೋಟೋಫಾಸಿನಿಂದ. ಅಲ್ಲಿ ಅಡುಗೆ ಎಣ್ಣೆ ಇಟ್ಟಿದ್ದ ಡಬ್ಬಿಯಲ್ಲಿ ಮೊದಲು ಕೀಟನಾಶಕವಿತ್ತು. ಅಂಥ ಡಬ್ಬಿ ನಮ್ಮ ಎಷ್ಟು ಮನೆಗಳಲ್ಲಿ ಸೀಮೆಎಣ್ಣೆಗೋ, ಬಚ್ಚಲ ಚೊಂಬಿನ ಬದಲಿಗೋ ಉಳಿದುಕೊಂಡಿದೆ, ನೀವೇ ನೆನೆಸಿಕೊಳ್ಳಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷವಿಟ್ಟ ಹಸುವಿನ ಮಾಂಸ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವು. ಒಟ್ಟಿಗೆ ಸತ್ತದ್ದರಿಂದ ಇವೆಲ್ಲ ಸುದ್ದಿಯಾದವು. ದಿನಕ್ಕಿಷ್ಟು ಅಂತ ಮೈಗಿಳಿಸಿಕೊಳ್ಳುವ ಕೂಲಿಯವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ಪಡ್ರೆಯನ್ನು ನೋಡಬೇಕು. ಅಲ್ಲಿ ಸರ್ಕಾರಿ ಗೇರು ತೋಟಗಳು ಗುಡ್ಡದ ಮೇಲೆ. ಮನೆ, ತೋಡು, ಜನ ಕುಡಿಯುವ ಸುರಂಗದ ನೀರು ಗುಡ್ಡದ ಕೆಳಗೆ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿದರು. ಅದು ಬೇಗ ಕರಗಿಹೋಗುವ ವಿಷವಲ್ಲ. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವವರಲ್ಲಿ ಬುದ್ಧಿಮಾಂದ್ಯ ಮಕ್ಕಳು, ಮೂರ್ಛೆರೋಗ, ಕ್ಯಾನ್ಸರ್ ಯಾಕೆ ಇಷ್ಟು ಎಂದು ಕೇಳಿಕೊಂಡರು, ಮನೆಮನೆಯ ವಿವರ ಬರೆದಿಟ್ಟರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಲುಪಿಸಿದರು. ಯಾವ ರೋಗಕ್ಕೆ ಎಷ್ಟರಮಟ್ಟಿಗೆ ಅದೇ ಕಾರಣ ಎಂದು ವಿಜ್ಞಾನಿಗಳು ವಾದಿಸಿದ್ದಾರೆ, ವಾದಿಸಲಿ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆ ನಿಲ್ಲಿಸಿತು. ಅದರ ಬುಡದಲ್ಲಿ ಒಬ್ಬ ಹಳ್ಳಿ ವೈದ್ಯರು ಬರೆದಿಟ್ಟ ಹಾಳೆಗಳಿವೆ. ನನಗೆ ಅದು ದೊಡ್ಡ ಧೈರ್ಯ. ನಾನೂ ಆ ಕೆಲಸ ಮಾಡಬಹುದಿತ್ತು ಎಂಬ ಸಂಕಟವೂ ಅಷ್ಟೇ ಇದೆ.

ರೈತರನ್ನು ದೂರುವುದಕ್ಕೆ ನಾನಿಲ್ಲಿ ನಿಂತಿಲ್ಲ. ಟೊಮೆಟೊ, ಅರಿಶಿನ, ಸಣ್ಣ ಈರುಳ್ಳಿ, ಯಾವುದಕ್ಕೆ ಹುಳು ಬಿದ್ದರೂ ಸಾಲ ಕುತ್ತಿಗೆಗೆ ಬರುತ್ತದೆ. ಯಾವುದು ಹೊಡೆಯಬೇಕೆಂದು ಹೇಳುವವರು ಮಾರುವವರೇ. ಡಬ್ಬಿಯ ಮೇಲಿನ ವಜ್ರಾಕಾರದ ಗುರುತಿನ ಕೆಳಗರ್ಧ ಕೆಂಪಾಗಿದ್ದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಇಷ್ಟನ್ನೂ ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಹಾಗಾಗಿ ಈ ಸಮ್ಮೇಳನದ ಮುಂದೆ ನನ್ನ ಕೇಳಿಕೆ ಮೂರು. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ರೋಗಿಯ ಕೆಲಸವೇನು, ಈ ವಾರ ಯಾವ ಔಷಧಿ ಹೊಡೆದರು, ಯಾವ ನೀರು ಕುಡಿಯುತ್ತಾರೆ ಎಂದು ಬರೆಯಲು ಒಂದು ಸಾಲು ಬೇಕು. ಬೆಳೆಯ ಕಾಲದಲ್ಲಿ ಸಿಂಪಡಿಸುವವರ ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆಯನ್ನು ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆ ವಹಿಸಿಕೊಳ್ಳಲಿ. ಖಾಲಿ ಡಬ್ಬಿಗಳನ್ನು ಮಾರಿದ ಅಂಗಡಿಯೇ ವಾಪಸು ತೆಗೆದುಕೊಳ್ಳಲಿ.

ಸರ್ಕಾರ ಚೀಟಿ ಬದಲಾಯಿಸುವತನಕ ಕಾಯಬೇಕಿಲ್ಲ. ಬಂದಿರುವ ಆಶಾ ಕಾರ್ಯಕರ್ತೆ ತಾಯಂದಿರಿಗೆ ಬಾಗಿಲ ಬಳಿ ಒಂದೊಂದು ನೂರು ಪುಟದ ನೋಟ್‌ಬುಕ್ ಇಡಿಸಿದ್ದೇನೆ. ಹೋಗುವಾಗ ತೆಗೆದುಕೊಂಡು ಹೋಗಿ. ಮೊದಲ ಪುಟದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ನನ್ನ ಕೈಯಲ್ಲೇ ಬರೆದಿದ್ದೇನೆ.